ಹೂಮಳೆಯ ನಾಡಿನಲ್ಲಿ ವೈನ್ ದ್ರಾಕ್ಷಿ ಬೆಳೆಯಬಹುದೇ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಐದು ಎಕರೆ ಕಾಫಿ ತೋಟ. ಫೆಬ್ರವರಿಯಲ್ಲಿ ನಂದಿ ಬೆಟ್ಟದ ಕಡೆಯ ಒಂದು ವೈನ್ ತೋಟದಲ್ಲಿ ದ್ರಾಕ್ಷಿ ಕೊಯ್ಲು ನೋಡಿ ಬಂದೆವು. ಹನಿ ನೀರಾವರಿ, ಸಾಲುಗಳ ನಡುವೆ ಹುರುಳಿ, ಔಷಧಿಯೂ ಕಡಿಮೆ ಎಂದರು. ನಮ್ಮ ಊರು ಅದಕ್ಕಿಂತ ತಂಪು. ಒಂದೆಕರೆ ಕಾಫಿ ತೆಗೆದು ವೈನ್ ದ್ರಾಕ್ಷಿ ಹಾಕಬಹುದೇ?

ಉತ್ತರ: ಕಾಫಿ ತೆಗೆಯಬೇಡಿ. ಕೊಡಗಿನಲ್ಲಿ ಇದೇ ಪ್ರಶ್ನೆಯನ್ನು ಹಲವರು ಕೇಳುತ್ತಾರೆ, ಎಲ್ಲರೂ ತಂಪಿನ ಮಾತಿನಿಂದಲೇ ಶುರು ಮಾಡುತ್ತಾರೆ. ಎತ್ತರವನ್ನೇ ನೋಡಿದರೆ ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ನಂದಿ ಕಡೆಯ ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳು 900 ಮೀಟರ್ ಆಸುಪಾಸಿನಲ್ಲಿವೆ. ಆದರೆ ದ್ರಾಕ್ಷಿಗೆ ಮುಖ್ಯವಾದದ್ದು ಮಳೆ ಎಷ್ಟು, ಮತ್ತು ಯಾವ ತಿಂಗಳಲ್ಲಿ ಎಂಬುದು.

ಫ್ರಾನ್ಸಿನ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಹಣ್ಣು ಕೊಡುತ್ತದೆ. ನಮ್ಮ ಕಡೆ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ಬಳ್ಳಿಗೆ ವರ್ಷ ಯಾವಾಗ ಶುರು ಎಂದು ಹೇಳುವುದು ಕತ್ತರಿ. ವಿಜಯಪುರದ ಕಡೆ ಇದನ್ನು ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ ಬಳ್ಳಿಯನ್ನು ಗಿಡ್ಡ ಕತ್ತರಿಸಿ ಹೊಸ ಕಡ್ಡಿ ಬೆಳೆಸುತ್ತಾರೆ. ಸೆಪ್ಟೆಂಬರ್-ಅಕ್ಟೋಬರ್ ಚಾಟ್ನಿಯಲ್ಲಿ ಆ ಕಡ್ಡಿಯ ತುದಿ ಕತ್ತರಿಸಿ ಗೊನೆ ಹೊರಡಿಸುತ್ತಾರೆ. ಮೊಗ್ಗುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸೈನಮೈಡ್ ಎಂಬ ರಾಸಾಯನಿಕ ಬಳಿಯುವುದೂ ಇದೆ. ಅದು ವಿಷಕಾರಿ. ಬಳಿದವರು ಆ ಹೊತ್ತಿನಲ್ಲಿ ಮದ್ಯ ಮುಟ್ಟಿದರೆ ಜೀವಕ್ಕೇ ಕುತ್ತು. ಸುಸ್ಥಿರ ಕೃಷಿ ಎಂದು ಹೇಳುವ ಯಾವ ವೈನ್ ತೋಟಕ್ಕೆ ಹೋದರೂ ಈ ಕೆಲಸ ಮಾಡುವವರ ಕೈಗೆ ಗವಸು ಇದೆಯೇ ಎಂದು ಮೊದಲು ಕೇಳಬೇಕೆನಿಸುತ್ತದೆ ನನಗೆ.

ಈ ಲೆಕ್ಕವನ್ನು ನಮ್ಮ ಕ್ಯಾಲೆಂಡರಿನ ಮೇಲೆ ಇಟ್ಟು ನೋಡಿ. ಏಪ್ರಿಲ್‌ನಲ್ಲಿ ಕತ್ತರಿಸಿದ ಬಳ್ಳಿಯ ಕಡ್ಡಿಯೊಳಗೆ, ಸುಮಾರು ಒಂದೂವರೆ-ಎರಡು ತಿಂಗಳಲ್ಲಿ, ಮುಂದಿನ ಗೊನೆಯ ಮೊಗ್ಗು ಕಣ್ಣಿಗೆ ಕಾಣದಂತೆ ರೂಪುಗೊಳ್ಳುತ್ತದೆ. ಆಗ ಎಲೆಗೆ ಬಿಸಿಲು ಬೀಳಲೇಬೇಕು. ಬಯಲುಸೀಮೆಯಲ್ಲಿ ಬೀಳುತ್ತದೆ. ನಮಗೆ ಜೂನ್ ಮೊದಲ ವಾರದಲ್ಲೇ ಮೋಡ ಕವಿದರೆ ಆಗಸ್ಟ್ ಮಧ್ಯದಲ್ಲಿ ಕಕ್ಕಡ ತಿಂಗಳು ಮುಗಿಯುವವರೆಗೂ ಬಿಸಿಲು ಅಪರೂಪ. ಆ ಕಡ್ಡಿಗಳಲ್ಲಿ ಎಲೆ ಬರುತ್ತದೆ, ಗೊನೆ ಬರುವುದಿಲ್ಲ.

ಹೇಗೋ ಗೊನೆ ಬಂತೆನ್ನಿ. ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಕತ್ತರಿಸಿದ ಬಳ್ಳಿಯ ಎಳೆ ಚಿಗುರಿನ ಮೇಲೆ ಹಿಂಗಾರು ಮಳೆ ಬೀಳುತ್ತದೆ. ದ್ರಾಕ್ಷಿಯ ಮಹಾ ಶತ್ರು ಡೌನಿ ಎಂಬ ಬೂಜು ರೋಗಕ್ಕೆ ಒದ್ದೆ ಎಲೆಯೇ ಬೇಕಾದದ್ದು. ಅದನ್ನೂ ದಾಟಿ ಹಣ್ಣಾಗುವುದು ಶಿವರಾತ್ರಿಯ ಹೊತ್ತಿಗೆ. ಆಗ ನಾವೆಲ್ಲ ಏನು ಮಾಡುತ್ತಿರುತ್ತೇವೆ? ಹೂಮಳೆ ಯಾವಾಗ ಎಂದು ಆಕಾಶ ನೋಡುತ್ತಿರುತ್ತೇವೆ. ಒಂದು ಇಂಚು ಬಿದ್ದರೆ ಇಡೀ ಊರಿನ ಕಾಫಿ ತೋಟ ಒಂಬತ್ತು ದಿನದಲ್ಲಿ ಬೆಳ್ಳಗೆ ಅರಳುತ್ತದೆ. ಅದೇ ಒಂದು ಇಂಚು ಹಣ್ಣಾದ ದ್ರಾಕ್ಷಿಗೆ ಬಿದ್ದರೆ ಬೇರು ನೀರು ಹೀರಿ ಕಾಯಿ ಬಿರಿಯುತ್ತದೆ, ಸಕ್ಕರೆ ತೆಳುವಾಗುತ್ತದೆ, ಎರಡೇ ದಿನದಲ್ಲಿ ಗೊನೆಯೊಳಗೆ ಬೂಷ್ಟು. ಒಂದೇ ಬೇಲಿಯೊಳಗೆ ಒಂದು ಬೆಳೆ ಬೇಡುವ ಮಳೆ ಇನ್ನೊಂದಕ್ಕೆ ಶಾಪ. ರೊಬಸ್ಟಾ ಕೊಯ್ಲಿಗೂ ಇದೇ ಸಮಯದಲ್ಲಿ ಆಳು ಬೇಕು ಎಂಬುದು ನಿಮಗೆ ನಾನು ಹೇಳಬೇಕಿಲ್ಲ.

ನೀವು ನೋಡಿದ ಕೊಯ್ಲು ಬೆಳಗಿನ ಜಾವದಲ್ಲಿ ನಡೆದಿರಬೇಕು. ಬಿಸಿಲೇರಿದ ಮೇಲೆ ಕೊಯ್ದ ಹಣ್ಣು ಬುಟ್ಟಿಯಲ್ಲೇ ಹುಳಿಯತೊಡಗುತ್ತದೆ, ಪರಿಮಳವೂ ಹೋಗುತ್ತದೆ. ಕೊಯ್ಲಿನ ದಿನವನ್ನು ಬಣ್ಣ ನೋಡಿ ಹೇಳುವುದಿಲ್ಲ. ರಿಫ್ರಾಕ್ಟೋಮೀಟರ್ ಎಂಬ ಸಣ್ಣ ದುರ್ಬೀನಿನಂಥ ಉಪಕರಣದಲ್ಲಿ ಒಂದು ಹನಿ ರಸ ಇಟ್ಟು ಸಕ್ಕರೆ ಅಳೆಯುತ್ತಾರೆ. ವೈನ್ ದ್ರಾಕ್ಷಿಗೆ ಸಾಮಾನ್ಯವಾಗಿ 22ರಿಂದ 24 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಶೇಕಡಾ ಅಳತೆ) ಬೇಕು. ಒಂದು ಬ್ರಿಕ್ಸ್‌ಗೆ ಅರ್ಧ ಶೇಕಡಕ್ಕಿಂತ ತುಸು ಹೆಚ್ಚು ಮದ್ಯಸಾರ ಎಂದು ಹಿಡಿದರೆ, 23 ಬ್ರಿಕ್ಸ್ ರಸದಿಂದ ಶೇ 12-13ರ ವೈನ್. ನಮ್ಮ ಮನೆಗಳಲ್ಲಿ ವೈನ್‌ಗೆಂದು ಭರಣಿಗೆ ಬೆಂಗಳೂರು ಬ್ಲೂ ದ್ರಾಕ್ಷಿ ಹಾಕುವಾಗ ಅಷ್ಟೊಂದು ಸಕ್ಕರೆ ಸುರಿಯುವುದು ಏಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಆ ಹಣ್ಣಿನ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ.

ಇನ್ನು ಔಷಧಿಯ ಮಾತು. ನೀವು ಮುಂಗಾರಿಗೆ ಮೊದಲು ಮೆಣಸಿನ ಬಳ್ಳಿಗೂ ಕಾಫಿಗೂ ಹೊಡೆಸುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ರೈತರು ರಸ್ತೆ ಬದಿಯ ಹಣ್ಣನ್ನು ದಾರಿಹೋಕರು ಕೀಳದಿರಲೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. 1882ರಲ್ಲಿ ಸಸ್ಯವಿಜ್ಞಾನಿ ಮಿಯಾರ್ಡೆ, ಆ ನೀಲಿ ಬಳಿದ ಸಾಲಿನಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಗಮನಿಸಿದರು. ಉಳಿದ ಬಳ್ಳಿಗಳನ್ನು ಡೌನಿ ಬೋಳಿಸಿತ್ತು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಬಳಕೆಗೆ ತಂದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಆರಂಭದಲ್ಲೂ ಅವರ ಕೈಯಿದೆ. ದ್ರಾಕ್ಷಿ ಕೊಡಗಿಗೆ ಬರದಿದ್ದರೂ ದ್ರಾಕ್ಷಿಯ ಮದ್ದು ಬಂದಿದೆ.

ಆ ಮದ್ದಿನ ವಿಷಯದಲ್ಲಿ ವೈನ್ ತೋಟದವರು ಕಲಿತ ಒಂದು ಪಾಠವನ್ನು ನಾವಿನ್ನೂ ಕಲಿತಿಲ್ಲ, ಅದು ನನ್ನನ್ನು ಬಹಳ ಕಾಡುತ್ತದೆ. ತಾಮ್ರ ಕೊಳೆಯುವುದಿಲ್ಲ. ಎಲೆಯಿಂದ ಜಾರಿ ಮಣ್ಣಿಗೆ ಸೇರಿದ್ದು ಅಲ್ಲೇ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಕೂಡುತ್ತದೆ, ಎರೆಹುಳುವಿಗೆ ಕಷ್ಟವಾಗುತ್ತದೆ. ಒಂದು ಶತಮಾನ ಹೊಡೆದ ಮೇಲೆ ಯುರೋಪಿನವರಿಗೆ ಇದು ಅರಿವಾಯಿತು. 2019ರಿಂದ ಅಲ್ಲಿ ತಾಮ್ರಕ್ಕೆ ಮಿತಿ ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕೆ.ಜಿ., ಅಂದರೆ ವರ್ಷಕ್ಕೆ ಸರಾಸರಿ 4. ನಮ್ಮ ಲೆಕ್ಕದಲ್ಲಿ ಎಕರೆಗೆ ವರ್ಷಕ್ಕೆ 1.6 ಕೆ.ಜಿ. ತಾಮ್ರ. ಶೇ 1ರ ದ್ರಾವಣದ 200 ಲೀಟರ್ ಬ್ಯಾರೆಲ್‌ಗೆ 2 ಕೆ.ಜಿ. ಮೈಲುತುತ್ತ ಬೀಳುತ್ತದೆ, ಅದರಲ್ಲಿ ತಾಮ್ರ ಸುಮಾರು ಅರ್ಧ ಕೆ.ಜಿ. ಎಂದರೆ ಎಕರೆಗೆ ವರ್ಷಕ್ಕೆ ಮೂರು ಬ್ಯಾರೆಲ್. ನಿಮ್ಮ ತೋಟದಲ್ಲಿ ಎಷ್ಟು ಹೋಗುತ್ತಿದೆ ಎಂದು ಒಮ್ಮೆ ಎಣಿಸಿ ನೋಡಿ. ಈಗ ವೈನ್ ದ್ರಾಕ್ಷಿಯನ್ನು ವರ್ಷಕ್ಕೆ 2,000-3,000 ಮಿ.ಮೀ. ಮಳೆ ಬೀಳುವ ಜಾಗದಲ್ಲಿ ಊಹಿಸಿಕೊಳ್ಳಿ. ಪ್ರತಿ ಮಳೆಯ ನಂತರ ತೊಳೆದು ಹೋದದ್ದನ್ನು ಮತ್ತೆ ಹೊಡೆಯಬೇಕು. ನಂದಿಯ ಕಡೆ ಸಾಧ್ಯವಾದ ಕಡಿಮೆ ಔಷಧಿಯ ಬೇಸಾಯ ಇಲ್ಲಿ ಅತಿ ಹೆಚ್ಚು ಔಷಧಿಯ ಬೇಸಾಯವಾಗುತ್ತದೆ.

ಮರಗಳ ವಿಷಯವನ್ನು ಹೇಳದೆ ಮುಗಿಸಲಾರೆ. ಕಾಫಿ ನೆರಳನ್ನು ಸಹಿಸುತ್ತದೆ, ಬಯಸುತ್ತದೆ ಕೂಡ. ದ್ರಾಕ್ಷಿಗೆ ನೆತ್ತಿಯ ಮೇಲೆ ಒಂದು ಕೊಂಬೆಯೂ ಇರಬಾರದು. ಒಂದೆಕರೆ ದ್ರಾಕ್ಷಿ ಎಂದರೆ ಒಂದೆಕರೆಯ ಹಲಸು, ಅತ್ತಿ, ಬಳಂಜಿ, ಸಿಲ್ವರ್ ಓಕ್, ಜೊತೆಗೆ ಅವಕ್ಕೆ ಹಬ್ಬಿದ ಮೆಣಸು, ಎಲ್ಲವೂ ನೆಲಕ್ಕೆ. ಇಳಿಜಾರಿನಲ್ಲಿ ಆ ಬೇರುಗಳು ಹೋದ ಮೇಲೆ ಜುಲೈ ಮಳೆಗೆ ಮಣ್ಣನ್ನು ಹಿಡಿಯುವವರು ಯಾರು? 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ಕಂಡವರಿಗೆ ಈ ಪ್ರಶ್ನೆಯ ಭಾರ ಗೊತ್ತು.

ಕೊಡಗಿನೊಳಗೇ ಮಳೆ ಕಡಿಮೆ ಇರುವ ಅಂಚು ಎಂದರೆ ಕುಶಾಲನಗರ, ಹೆಬ್ಬಾಲೆ, ಶಿರಂಗಾಲದ ಕಡೆ. ಬಯಲುಗದ್ದೆ, ನದಿ ನೀರು, ಬಿಸಿಲು ಇದೆ. ಪ್ರಯೋಗ ಮಾಡುವ ಹಟ ಇರುವವರು ಅಲ್ಲಿ ಹತ್ತಿಪ್ಪತ್ತು ಬಳ್ಳಿ ನೆಟ್ಟು ಮೂರು ವರ್ಷ ನೋಡಬಹುದು, ಅದಕ್ಕಿಂತ ಹೆಚ್ಚು ಬೇಡ. ಮೊದಲು ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ನಿಮಗೆ ಹಿಡಿಸಿದ್ದನ್ನು ಮಾತ್ರ ಅಲ್ಲಿಂದ ತನ್ನಿ. ರಸ ಹಿಂಡಿ ಉಳಿದ ಹಿಪ್ಪೆಯನ್ನು ಅವರು ಗೊಬ್ಬರ ಮಾಡಿ ಬಳ್ಳಿಯ ಬುಡಕ್ಕೇ ಹಾಕುತ್ತಾರೆ. ನಿಮ್ಮ ಪಲ್ಪರ್ ಬಳಿಯ ಕಾಫಿ ಸಿಪ್ಪೆ ತೋಡಿಗೆ ಹೋಗದೆ ಸಗಣಿಯ ಜೊತೆ ಗುಂಡಿಗೆ ಹೋಗಲಿ. ಹೊಸ ಗಿಡ ನೆಟ್ಟ ಖಾಲಿ ಜಾಗದಲ್ಲಿ ಹುರುಳಿ, ಅಲಸಂದೆ ಚೆಲ್ಲಿ.

ದ್ರಾಕ್ಷಿಯ ಆಸೆ ಬಿಡಲಾಗದಿದ್ದರೆ ಕಣದ ಪಕ್ಕ, ಬಿಸಿಲು ಬೀಳುವ ಗೋಡೆಗೆ, ಬೆಂಗಳೂರು ಬ್ಲೂ ಬಳ್ಳಿ ಒಂದನ್ನು ನೆಟ್ಟು ಚಪ್ಪರಕ್ಕೆ ಹಬ್ಬಿಸಿ. ರೋಗಕ್ಕೆ ಅದು ವೈನ್ ತಳಿಗಳಷ್ಟು ಬೇಗ ಸೋಲುವುದಿಲ್ಲ. ಮೇಲೆ ಪಾಲಿಥೀನ್ ಹಾಳೆ ಇರಲಿ. ಫೆಬ್ರವರಿ ಕೊನೆಯಲ್ಲಿ ಗುಡುಗು ಕೇಳಿಸಿತೋ, ಹಣ್ಣು ಪೂರ್ತಿ ಸಿಹಿಯಾಗುವುದನ್ನು ಕಾಯಬೇಡಿ. ಅವತ್ತೇ ಗೊನೆ ಕೊಯ್ದು ಒಳಗಿಡಿ, ಮಳೆಯನ್ನು ಕಾಫಿಗೆ ಬಿಡಿ.