ಹುಲ್ಲು ಕತ್ತರಿಸಬೇಕಾ, ಬಿಡಬೇಕಾ? ಊರು ಚೆಂದ ಮಾಡುವವರ ಕತೆ

ಚಿಕ್ಕ ಊರು. ಶನಿವಾರ ಬೆಳಿಗ್ಗೆ ಏಳೆಂಟು ಜನ ಕೈಗವಸು ಹಾಕಿಕೊಂಡು, ಕಸದ ಚೀಲ ಹಿಡಿದು ರಸ್ತೆಗೆ ಇಳಿಯುತ್ತಾರೆ. ಸಂಬಳ ಇಲ್ಲ, ಬಲವಂತ ಇಲ್ಲ. ಇದರಲ್ಲಿ ಜಗಳ ಆಡುವುದಕ್ಕೆ ಏನಿದೆ ಅನ್ನಿಸುತ್ತದೆ ಅಲ್ವಾ? ಆದರೆ ಐರ್ಲೆಂಡಿನಲ್ಲೋ ಬ್ರಿಟನ್ನಿನಲ್ಲೋ ಇಂಥ ಗುಂಪುಗಳ ನಡುವೆ ಈಗ ಜಾಸ್ತಿ ಚರ್ಚೆ ಆಗುತ್ತಿರುವುದು ಹುಲ್ಲಿನ ಬಗ್ಗೆ. ರಸ್ತೆ ಬದಿಯ ಹುಲ್ಲು ಕತ್ತರಿಸಲೇಬೇಕು ಅಂತ ಕೆಲವರು. ಮುಟ್ಟಲೇಬಾರದು ಅಂತ ಇನ್ನು ಕೆಲವರು. ಕಳೆನಾಶಕ ಹೊಡೆಯಬಹುದಾ, ಕುಂಡದಲ್ಲಿ ಯಾವ ಹೂವು ಇಡಬೇಕು, ಬೇಲಿಯನ್ನು ಯಾವ ತಿಂಗಳಲ್ಲಿ ಸವರಬೇಕು, ಪಾಳುಬಿದ್ದ ಮನೆಗೆ ಬಣ್ಣ ಬಳಿದರೆ ಸಾಕಾ, ಹೀಗೆ ಪ್ರತಿಯೊಂದಕ್ಕೂ ಒಂದು ನಿಯಮ, ಒಂದು ವಾದ. ಹೊಸದಾಗಿ ಸೇರಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಇದು ಅರ್ಥ ಆಗಬೇಕಾದರೆ ಹಿಂದಿನಿಂದ ಬರಬೇಕು.

ತೀರಾ ಹಿಂದಕ್ಕೆ ಹೋದರೆ 1853. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್ ಎಂಬ ಸಣ್ಣ ಊರಿನಲ್ಲಿ ಮೇರಿ ಹಾಪ್ಕಿನ್ಸ್ ಎಂಬಾಕೆ ಊರಿನವರನ್ನು ಸೇರಿಸಿ ಲಾರೆಲ್ ಹಿಲ್ ಅಸೋಸಿಯೇಷನ್ ಕಟ್ಟಿದರು. ಬೀದಿಗೆ ಮರ ನೆಡುವುದು, ಕಾಲುದಾರಿ ಸರಿ ಮಾಡುವುದು ಅವರ ಕೆಲಸ. ಆ ದೇಶದ ಅತಿ ಹಳೆಯ ಗ್ರಾಮ ಸುಧಾರಣಾ ಸಂಘ ಅಂತ ಅದನ್ನೇ ಹೇಳುತ್ತಾರೆ, ಈಗಲೂ ಇದೆ. ಅದನ್ನು ನೋಡಿ ಬೇರೆ ಊರುಗಳಲ್ಲೂ ಸಂಘಗಳು ಹುಟ್ಟಿದವು. ಆಮೇಲೆ ಎರಡು ಮಹಾಯುದ್ಧ ಬಂದು ಹೋದವು.

ಯುದ್ಧ ಮುಗಿದ ಮೇಲೆ, 1954ರಿಂದ ಮುಂದಿನ ಹತ್ತು ವರ್ಷದೊಳಗೆ, ಯುರೋಪಿನಲ್ಲಿ ಒಂದರ ಹಿಂದೆ ಒಂದು ಅಭಿಯಾನ, ಸ್ಪರ್ಧೆ ಶುರುವಾದವು. 1954ರಲ್ಲಿ ಬ್ರಿಟನ್ನಿನ ಮಹಿಳಾ ಸಂಘಗಳ ಒಕ್ಕೂಟ ದೇಶವನ್ನು ಚೊಕ್ಕಟವಾಗಿಡಬೇಕು ಅಂತ ನಿರ್ಣಯ ಮಾಡಿತು. 1958ರಲ್ಲಿ ಐರ್ಲೆಂಡಿನ ಟೈಡಿ ಟೌನ್ಸ್, ಅಂದರೆ ಚೊಕ್ಕಟ ಊರುಗಳ ಸ್ಪರ್ಧೆ, ಬಂತು. 1959ರಲ್ಲಿ ಫ್ರಾನ್ಸ್ ಹೂವಿನ ಊರುಗಳ ಸ್ಪರ್ಧೆ ತೆರೆಯಿತು, ಈಗಲೂ ಅಲ್ಲಿ ಊರ ಬಾಗಿಲಿನ ಫಲಕದ ಮೇಲೆ ಒಂದರಿಂದ ನಾಲ್ಕು ಹೂವಿನ ಗುರುತು ಇರುತ್ತದೆ. ಅದನ್ನು ನೋಡಿ ಬಂದ ರಾಯ್ ಹೇ ಎಂಬ ತೋಟಗಾರಿಕೆ ಬರಹಗಾರರ ಒತ್ತಾಸೆಯಿಂದ ಬ್ರಿಟನ್ನಿನಲ್ಲೂ ಹೂವಿನ ಸ್ಪರ್ಧೆ ಶುರುವಾಯಿತು. 1961ರಲ್ಲಿ ಪಶ್ಚಿಮ ಜರ್ಮನಿ 'ನಮ್ಮ ಹಳ್ಳಿ ಇನ್ನೂ ಚೆಂದ ಆಗಬೇಕು' ಅಂತ ಒಂದು ಸ್ಪರ್ಧೆ ಮಾಡಿತು. ಅದರ ಹೆಸರು ಈಗ 'ನಮ್ಮ ಹಳ್ಳಿಗೆ ಭವಿಷ್ಯ ಇದೆ' ಅಂತ ಬದಲಾಗಿದೆ. ಆ ಹೆಸರು ಯಾಕೆ ಬದಲಾಯಿತು ಅನ್ನುವುದರಲ್ಲೇ ಅರ್ಧ ಕತೆ ಇದೆ. ಬರೀ ಚೆಂದ ಇದ್ದರೆ ಊರು ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು.

ಏಷ್ಯಾದಲ್ಲಿ ಇದು ಬೇರೆ ದಾರಿ ಹಿಡಿಯಿತು. 1970ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸೆಮಾಉಲ್, ಅಂದರೆ 'ಹೊಸ ಹಳ್ಳಿ', ಚಳವಳಿ ಶುರುವಾದಾಗ ಸರ್ಕಾರ 33,000ಕ್ಕೂ ಜಾಸ್ತಿ ಹಳ್ಳಿಗಳಿಗೆ ತಲಾ 335 ಮೂಟೆ ಸಿಮೆಂಟ್ ಕೊಟ್ಟಿತು. ಚೆನ್ನಾಗಿ ಬಳಸಿಕೊಂಡ ಹಳ್ಳಿಗಳಿಗೆ ಮುಂದಿನ ಸಲ 500 ಮೂಟೆ ಸಿಮೆಂಟ್, ಜೊತೆಗೆ ಒಂದು ಟನ್ ಕಬ್ಬಿಣ. ರಸ್ತೆ ಅಗಲವಾದವು, ಹುಲ್ಲು ಮಾಡುಗಳು ಹೋದವು. ಬೆವರು ಊರಿನವರದು, ಯೋಜನೆ ಮೇಲಿನವರದು. ಅದನ್ನು ಸ್ವಯಂಸೇವೆ ಅನ್ನಬಹುದಾ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ನನಗೆ ಇದರಲ್ಲೆಲ್ಲ ಮನಸ್ಸಿಗೆ ಹತ್ತಿರವಾದದ್ದು ಐರ್ಲೆಂಡಿನ ಕತೆ. ಯಾಕೆಂದರೆ ಅಲ್ಲಿ ಈ ಕೆಲಸ ಒಂದು ಹಬ್ಬದಂತೆ ಶುರುವಾಗಿ, ಅಭ್ಯಾಸವಾಗಿ, ಕೊನೆಗೆ ತನ್ನ ಅರ್ಥವನ್ನೇ ತಿರುಗಿಸಿಕೊಂಡಿತು.

1950ರ ದಶಕದ ಐರ್ಲೆಂಡ್ ಖಾಲಿಯಾಗುತ್ತಿದ್ದ ದೇಶ. ಆ ಹತ್ತು ವರ್ಷದಲ್ಲಿ ಸುಮಾರು ನಾಲ್ಕು ಲಕ್ಷ ಜನ ಕೆಲಸ ಹುಡುಕಿಕೊಂಡು ದೇಶ ಬಿಟ್ಟರು. 1961ರ ಜನಗಣತಿಯಲ್ಲಿ ಅಲ್ಲಿದ್ದವರು 28 ಲಕ್ಷ ಮಾತ್ರ. ಊರಲ್ಲಿ ಬೀಗ ಹಾಕಿದ ಮನೆ, ಬಿದ್ದ ಗೋಡೆ. ಇಂಥ ಹೊತ್ತಿನಲ್ಲಿ, 1953ರಲ್ಲಿ, ಹೊರಗಿನಿಂದ ಪ್ರವಾಸಿಗಳು ಬರಲಿ ಅಂತ ಅನ್ ಟೋಸ್ಟಲ್ ಎಂಬ ವಸಂತ ಕಾಲದ ಉತ್ಸವ ಶುರು ಮಾಡಿದರು. ನೆಂಟರು ಬರುವ ಮುಂಚೆ ಮನೆ ಸಾರಿಸಿ ಗುಡಿಸುತ್ತೇವಲ್ಲ, ಹಾಗೆ ಉತ್ಸವಕ್ಕೆ ಮುಂಚೆ ಊರು ತೊಳೆಯುವ ಅಭಿಯಾನ ನಡೆಯಿತು. ಉತ್ಸವ ಹೆಚ್ಚು ವರ್ಷ ಬಾಳಲಿಲ್ಲ. ಊರು ತೊಳೆಯುವುದು ಮಾತ್ರ ಉಳಿಯಿತು. ಪ್ರವಾಸೋದ್ಯಮ ಮಂಡಳಿ 1958ರಲ್ಲಿ ಅದನ್ನೇ ಟೈಡಿ ಟೌನ್ಸ್ ಸ್ಪರ್ಧೆ ಮಾಡಿತು. ಮೊದಲ ವರ್ಷ ಸೇರಿದ ಊರುಗಳು 52. ಗೆದ್ದದ್ದು ಡೊನೆಗಾಲ್ ಸೀಮೆಯ ಗ್ಲೆಂಟೀಸ್ ಎಂಬ ಪುಟ್ಟ ಊರು. ಇತ್ತೀಚಿನ ವರ್ಷಗಳಲ್ಲಿ ಸೇರುವ ಊರುಗಳ ಲೆಕ್ಕ 800 ದಾಟಿದೆ.

ಆಗಿನ ಕೆಲಸ ಸರಳ. ಕಸ ಎತ್ತು, ಗೋಡೆಗೆ ಬಣ್ಣ ಬಳಿ, ಹೂವಿನ ಗಿಡ ಇಡು, ಹುಲ್ಲು ಕತ್ತರಿಸು. ಜನ ಬಿಟ್ಟು ಹೋಗುತ್ತಿದ್ದ ಊರಿನಲ್ಲಿ ಉಳಿದವರು ಬಾಗಿಲಿಗೆ ಬಣ್ಣ ಬಳಿದರೆ ಅದಕ್ಕೊಂದು ಅರ್ಥ ಇತ್ತು. ನಾವು ಇನ್ನೂ ಇಲ್ಲೇ ಇದ್ದೇವೆ ಅಂತ. ಇವತ್ತು ಕುಳಿತು ಆ ಕಾಲದ ಕತ್ತರಿಸಿದ ಹುಲ್ಲನ್ನೂ ಸಾಲು ಹೂಕುಂಡವನ್ನೂ ಹಗುರವಾಗಿ ಮಾತಾಡುವವರು ಇದನ್ನು ಮರೆಯಬಾರದು ಅಂತ ನನಗೆ ಅನ್ನಿಸುತ್ತದೆ.

ಸ್ಪರ್ಧೆ ನಡೆಯುವ ರೀತಿಯೂ ಗೊತ್ತಿರಲಿ. ಊರಿನ ಕಮಿಟಿ ಏನೇನು ಮಾಡಿದೆ ಅಂತ ಅರ್ಜಿ ತುಂಬಿ, ನಕ್ಷೆ ಜೊತೆಗಿಟ್ಟು ಕಳಿಸಬೇಕು. ಬೇಸಿಗೆಯಲ್ಲಿ ತೀರ್ಪುಗಾರರು ಬರುತ್ತಾರೆ, ಯಾವ ದಿನ ಅಂತ ಹೇಳುವುದಿಲ್ಲ. ಊರೆಲ್ಲ ಸುತ್ತಿ, ಒಂದೊಂದು ವಿಭಾಗಕ್ಕೂ ಅಂಕ ಹಾಕಿ, ಎಲ್ಲಿ ಚೆನ್ನಾಗಿದೆ ಎಲ್ಲಿ ಸಾಲದು ಅಂತ ವಿವರವಾದ ವರದಿ ಬರೆಯುತ್ತಾರೆ. ಆ ವರದಿಯನ್ನು ಕಮಿಟಿಯವರು ಪರೀಕ್ಷೆಯ ಉತ್ತರಪತ್ರಿಕೆಯಂತೆ ಸಾಲು ಸಾಲಾಗಿ ಓದುತ್ತಾರೆ, ಮುಂದಿನ ವರ್ಷದ ಕೆಲಸದ ಪಟ್ಟಿ ಅದರಿಂದಲೇ ಹುಟ್ಟುತ್ತದೆ. ಹಾಗಾಗಿ ಅಂಕ ಯಾವುದಕ್ಕೆ ಸಿಗುತ್ತದೆ ಅನ್ನುವುದು ಬದಲಾದರೆ ನೂರಾರು ಊರುಗಳ ಬೀದಿ ಬದಲಾಗುತ್ತದೆ. ಅದೇ ಆಯಿತು.

1995ರಲ್ಲಿ ಸ್ಪರ್ಧೆ ಪ್ರವಾಸೋದ್ಯಮದವರ ಕೈಯಿಂದ ಪರಿಸರ ಇಲಾಖೆಗೆ ಬಂತು. ಸುಮ್ನೆ ಒಂದು ಕಡತ ಇಲಾಖೆ ಬದಲಾಯಿಸಿದ್ದು ಅಂತ ಆಗ ಕಂಡಿರಬಹುದು. ಆದರೆ ಪ್ರವಾಸೋದ್ಯಮಕ್ಕೆ ಊರು ಬಂದವರ ಕಣ್ಣಿಗೆ ಚೆಂದ ಕಾಣಬೇಕು. ಪರಿಸರದ ಲೆಕ್ಕದಲ್ಲಿ ಊರು ಕಪ್ಪೆಗೆ, ಹಕ್ಕಿಗೆ, ದುಂಬಿಗೆ ಕೂಡ ಊರಾಗಬೇಕು. ನಿಧಾನವಾಗಿ ವಿಭಾಗಗಳು ಬದಲಾದವು. ಕಸ ಮತ್ತು ಬೀದಿಯ ಅಂದದ ಪಕ್ಕದಲ್ಲಿ ಜೀವವೈವಿಧ್ಯ, ನೀರು-ವಿದ್ಯುತ್ ಉಳಿತಾಯ ಎಲ್ಲ ಬಂದವು.

ಕಸದ ಸ್ವರೂಪವೂ ಬದಲಾಗುತ್ತಿತ್ತು. 2002ರ ಮಾರ್ಚ್ 4ರಿಂದ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿದರು. ತಲೆಗೆ ವರ್ಷಕ್ಕೆ ಅಂದಾಜು 328 ಇದ್ದ ಚೀಲದ ಬಳಕೆ 21ಕ್ಕೆ ಇಳಿಯಿತು. ಬೇಲಿಗೆ ಸಿಕ್ಕಿ ಪಟಪಟ ಅನ್ನುತ್ತಿದ್ದ ಚೀಲಗಳನ್ನು ವರ್ಷಗಟ್ಟಲೆ ಕೈಯಿಂದ ಬಿಡಿಸಿದವರಿಗೆ ಆ 15 ಸೆಂಟ್ ಎಷ್ಟು ದೊಡ್ಡದು ಅಂತ ಗೊತ್ತು. ಎರಡು ವರ್ಷ ಬಿಟ್ಟು, 2004ರ ಮಾರ್ಚ್‌ನಲ್ಲಿ, ಕೆಲಸದ ಜಾಗಗಳಲ್ಲಿ ಧೂಮಪಾನ ನಿಷೇಧ ಬಂತು. ಆರೋಗ್ಯಕ್ಕೆ ಒಳ್ಳೆಯದೇ, ಆದರೆ ಸೇದುವವರು ಬಾಗಿಲ ಹೊರಗೆ ಬಂದು ನಿಂತರು. ಅಲ್ಲಿನ ಬೀದಿ ಕಸದ ಲೆಕ್ಕದಲ್ಲಿ ಸಿಗರೇಟಿನದೇ ದೊಡ್ಡ ಪಾಲು. ತುಂಡಿನ ಫಿಲ್ಟರ್ ಕೂಡ ಒಂದು ಬಗೆಯ ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಬೇಗ ಕರಗುವುದಿಲ್ಲ. ಚೀಲವನ್ನು ಇಕ್ಕಳದಲ್ಲಿ ಎತ್ತಬಹುದು. ಕಲ್ಲಿನ ಸಂದಿಗೆ ಹೋದ ಸಿಗರೇಟ್ ತುಂಡನ್ನು ಬಗ್ಗಿಯೇ ತೆಗೆಯಬೇಕು.

ಇಷ್ಟರಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. 1994ರಲ್ಲಿ ಬಂದ ಸಮುದಾಯ ಉದ್ಯೋಗ ಯೋಜನೆ, 2004ರ ಗ್ರಾಮೀಣ ಸಾಮಾಜಿಕ ಯೋಜನೆ, ಇವುಗಳಿಂದ ನಿರುದ್ಯೋಗಿಗಳೂ ಸಣ್ಣ ರೈತರೂ ವಾರಕ್ಕೆ ಹತ್ತೊಂಬತ್ತೂವರೆ ಗಂಟೆ ಊರಿನ ಕೆಲಸಕ್ಕೆ ಬರತೊಡಗಿದರು. ಹಲವು ಊರುಗಳಲ್ಲಿ ಹುಲ್ಲು ಕತ್ತರಿಸುವುದು, ಗಿಡಕ್ಕೆ ನೀರು ಹಾಕುವುದು ಅವರ ಪಾಲಿಗೆ ಬಂತು. ಸ್ವಯಂಸೇವಕರ ಹೆಗಲು ಹಗುರಾಯಿತು ನಿಜ. ಆದರೆ ಯಾವುದು ಊರಿನವರ ಕೆಲಸ, ಯಾವುದು ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ, ಕೆಲಸ ಅನ್ನುವ ಗೆರೆ ಅಳಿಸಿತು. ರಸ್ತೆ ಬದಿಯ ಹುಲ್ಲನ್ನು ಒಂದು ಸಲ ಊರಿನವರು ಕತ್ತರಿಸಿದರೆ ಅದು ಆಮೇಲೆ ಅವರ ಹುಲ್ಲೇ. ಯಾರೂ ಬೇಕಂತ ಹೀಗೆ ಮಾಡಲಿಲ್ಲ, ವರ್ಷ ವರ್ಷ ಸೇರಿ ಹೀಗಾಯಿತು. ಇದನ್ನು ಯಾವತ್ತಾದರೂ ಕೂತು ಸರಿಯಾಗಿ ಮಾತಾಡಿ ತೀರ್ಮಾನಿಸಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಪಾಳು ಮನೆಗಳದೂ ಇದೇ ಕತೆ. ಮಾಲೀಕರು ಎಲ್ಲೋ ದೂರದಲ್ಲಿ, ಅಥವಾ ತೀರಿಹೋಗಿ ಆಸ್ತಿ ಇನ್ನೂ ಹಂಚಿಕೆಯಾಗದೆ ಇರುತ್ತದೆ. ಕಮಿಟಿಗೆ ಅದನ್ನು ರಿಪೇರಿ ಮಾಡುವ ಹಕ್ಕಿಲ್ಲ. ಹಾಗಾಗಿ ಒಪ್ಪಿಗೆ ಸಿಕ್ಕ ಕಡೆ ಕಿಟಕಿಗೆ ಹಲಗೆ ಹೊಡೆದು ಅದರ ಮೇಲೆ ಪರದೆ, ಹೂಕುಂಡ, ಕೂತ ಬೆಕ್ಕು ಅಂತ ಚಿತ್ರ ಬರೆಯುತ್ತಾರೆ. ದೂರದಿಂದ ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತದೆ. ಹತ್ತಿರ ಹೋದರೆ ಸಂಕಟ ಆಗುತ್ತದೆ.

ಈಗ ಹುಲ್ಲಿಗೆ ಬರುತ್ತೇನೆ. 2015ರಲ್ಲಿ ಐರ್ಲೆಂಡ್ ದ್ವೀಪ ಪೂರ್ತಿಗೆ, ಅಂದರೆ ಉತ್ತರ ಐರ್ಲೆಂಡೂ ಸೇರಿ, ಪರಾಗಸ್ಪರ್ಶಿಗಳನ್ನು, ಅಂದರೆ ಹೂವಿಂದ ಹೂವಿಗೆ ಪರಾಗ ಒಯ್ಯುವ ಕೀಟಗಳನ್ನು, ಉಳಿಸುವ ಒಂದು ಯೋಜನೆ ಬಂತು. ಅಲ್ಲಿ ಸುಮಾರು ನೂರು ಜಾತಿಯ ಜೇನು-ದುಂಬಿಗಳಿವೆ. ಅವುಗಳಲ್ಲಿ ಮೂರನೇ ಒಂದು ಭಾಗ ಅಳಿವಿನ ಅಂಚಿನಲ್ಲಿವೆ. ಹೊಟ್ಟೆಗೆ ಹೂವಿಲ್ಲ, ಗೂಡಿಗೆ ಜಾಗ ಇಲ್ಲ. ಯೋಜನೆ ಊರಿನ ಕಮಿಟಿಗಳಿಗೆ ಹೇಳಿದ್ದು ಇಷ್ಟು: ಕಡಿಮೆ ಕತ್ತರಿಸಿ. ವಸಂತದ ಮೊದಲ ಕಟಾವನ್ನು ಏಪ್ರಿಲ್ ಮಧ್ಯದವರೆಗೆ ತಡೆಯಿರಿ, ಡ್ಯಾಂಡಿಲಿಯನ್ ಎಂಬ ಹಳದಿ ಹೂವಿನ ಕಳೆ ಅರಳಲಿ, ಚಳಿಗಾಲ ಕಳೆದು ಎದ್ದ ದುಂಬಿಗೆ ಅದೇ ಊಟ. ಆಮೇಲೆ ಆರು ವಾರಕ್ಕೊಮ್ಮೆ ಕತ್ತರಿಸಿದರೆ ಕ್ಲೋವರ್ ಎಂಬ ಸಣ್ಣ ಹೂವಿನ ಗಿಡ ಬರುತ್ತದೆ. ಸಾಧ್ಯವಿದ್ದ ಕಡೆ ವರ್ಷಕ್ಕೆ ಒಂದೇ ಸಲ, ಸೆಪ್ಟೆಂಬರ್‌ನಲ್ಲಿ.

ಐವತ್ತು ವರ್ಷ ಡ್ಯಾಂಡಿಲಿಯನ್ ಕಿತ್ತದ್ದಕ್ಕೆ ಅಂಕ ಪಡೆದವರಿಗೆ ಈಗ ಅದನ್ನು ಬಿಟ್ಟದ್ದಕ್ಕೆ ಅಂಕ. ತೂಗುಬುಟ್ಟಿಯಲ್ಲಿ ಪ್ರೀತಿಯಿಂದ ಬೆಳೆಸಿದ ಜೆರೇನಿಯಂ, ಪೆಟೂನಿಯ, ಬಿಗೋನಿಯಗಳಲ್ಲಿ ದುಂಬಿಗೆ ಸಿಗುವುದು ಏನೂ ಇಲ್ಲದ ಹಾಗೆಯೇ ಅಂತ ಗೊತ್ತಾಯಿತು. ಸರಿ, ಕಾಡುಹೂವಿನ ಬೀಜದ ಪೊಟ್ಟಣ ತಂದು ಬಿತ್ತೋಣ ಅಂದರೆ ಅದೂ ಬೇಡ, ಎಲ್ಲಿಯದೋ ಬೀಜ ಬಂದು ಇಲ್ಲಿಯದನ್ನು ಕೆಡಿಸುತ್ತದೆ, ಮಣ್ಣಲ್ಲಿ ಇರುವುದನ್ನೇ ಬೆಳೆಯಲು ಬಿಡಿ ಅಂದರು. ಬೇಲಿಯದು ಈ ಯೋಜನೆಗೆ ಮುಂಚೆಯೇ ಇದ್ದ ಕಾನೂನು: ಹಕ್ಕಿ ಗೂಡು ಕಟ್ಟುವ ಕಾಲ ಅಂತ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ ಸವರುವಂತಿಲ್ಲ. ಅಂದರೆ ತೀರ್ಪುಗಾರರು ಬರುವ ಹೊತ್ತಿಗೆ ಬೇಲಿ ಕೆದರಿಕೊಂಡೇ ಇರುತ್ತದೆ. ಕಳೆನಾಶಕಕ್ಕೂ ಪ್ರಶ್ನೆ ಬಂತು. ಅದೇ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕ್ಯಾನ್ಸರ್ ತರುವ ಸಂಭವ ಇರುವ ಪಟ್ಟಿಗೆ ಸೇರಿಸಿತು. 2023ರಲ್ಲಿ ಯುರೋಪಿಯನ್ ಒಕ್ಕೂಟ ಅದೇ ಕಳೆನಾಶಕಕ್ಕೆ ಇನ್ನೂ ಹತ್ತು ವರ್ಷ ಅನುಮತಿ ಕೊಟ್ಟಿತು. ಎರಡನ್ನೂ ಓದಿದ ಸಾಮಾನ್ಯ ಸ್ವಯಂಸೇವಕ ಏನು ಮಾಡಬೇಕು? ಹಲವು ಕಮಿಟಿಗಳು ಸ್ಪ್ರೇ ಕ್ಯಾನ್ ಕೆಳಗಿಟ್ಟು ಗುದ್ದಲಿ ಹಿಡಿದವು. ಫುಟ್‌ಪಾತಿನ ಸಂದಿಯ ಕಳೆ ಕೀಳುವುದು ಬೆನ್ನು ಮುರಿಯುವ ಕೆಲಸ.

ಗೊತ್ತಿಲ್ಲದೆ ಮಾಡಿದ ಒಳ್ಳೆಯ ಕೆಲಸವೂ ತಿರುಗಿ ಹೊಡೆಯಬಹುದು. ಜಪಾನೀಸ್ ನಾಟ್‌ವೀಡ್ ಎಂಬ ಗಿಡ ಇದೆ. ಅಸಹ್ಯವಾಗಿ ಬೆಳೆದಿದೆ ಅಂತ ಯಂತ್ರದಲ್ಲಿ ಸವರಿದರೆ, ಚೂರು ಬಿದ್ದಲ್ಲೆಲ್ಲ ಬೇರು ಬಿಡುತ್ತದೆ. ಚೊಕ್ಕಟ ಮಾಡಲು ಹೋದವರೇ ಅದನ್ನು ಹರಡಿದಂತಾಗುತ್ತದೆ.

ಊರಿನ ಉಳಿದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಮೊಣಕಾಲೆತ್ತರ ಹುಲ್ಲು ಅಂದರೆ ಸೋಮಾರಿತನ. ಕಮಿಟಿ ಕೆಲಸ ನಿಲ್ಲಿಸಿದೆ ಅಂತಲೇ ಅಂದುಕೊಳ್ಳುತ್ತಾರೆ. ಇದಕ್ಕೆ ಒಂದು ಜಾಣ ಉಪಾಯ ಇದೆ. ಜೋನ್ ನಸ್ಸಾವರ್ ಎಂಬ ಅಮೆರಿಕದ ಭೂದೃಶ್ಯ ತಜ್ಞೆ 1990ರ ದಶಕದಲ್ಲೇ ಹೇಳಿದ್ದು: ಕಾಡಿನಂತೆ ಬೆಳೆದ ಜಾಗಕ್ಕೆ ಒಂದು ಅಚ್ಚುಕಟ್ಟಾದ ಚೌಕಟ್ಟು ಕೊಡಿ, ಆಗ ಇದನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಜನರಿಗೆ ಕಾಣುತ್ತದೆ. ಅದಕ್ಕೇ ಈಗ ಎತ್ತರದ ಹುಲ್ಲಿನ ಅಂಚಿಗೆ ಒಂದು ಪಟ್ಟಿ ನೀಟಾಗಿ ಕತ್ತರಿಸುತ್ತಾರೆ, ನಡುವೆ ಒಂದು ಕಾಲುದಾರಿ ಬಿಡುತ್ತಾರೆ, ದುಂಬಿಗಳಿಗಾಗಿ ಬಿಟ್ಟಿದ್ದೇವೆ ಅಂತ ಪುಟ್ಟ ಫಲಕ ನೆಡುತ್ತಾರೆ. ಫಲಕ ಇಲ್ಲದ ಕಡೆ ದೂರು ಬರುತ್ತದೆ, ಫಲಕ ಇದ್ದ ಕಡೆ ಮಕ್ಕಳು ನಿಂತು ಓದುತ್ತಾರೆ.

2024ರ ಫೆಬ್ರವರಿಯಿಂದ ಅಲ್ಲಿ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳಿಗೆ 15 ಅಥವಾ 25 ಸೆಂಟ್ ಠೇವಣಿ ಬಂದಿದೆ, ಖಾಲಿ ಬಾಟಲಿ ಮರಳಿಸಿದರೆ ದುಡ್ಡು ವಾಪಸ್. ಚೀಲಕ್ಕೆ ಹಾಕಿದ 15 ಸೆಂಟ್ ಮಾಡಿದ ಕೆಲಸವನ್ನು ನೋಡಿದವರು ಇದರ ಮೇಲೂ ಆಸೆ ಇಟ್ಟಿದ್ದಾರೆ. ಕಸ ಕಡಿಮೆಯಾದಷ್ಟೂ ಗಮನ ಹುಲ್ಲಿನ ಕಡೆಗೇ ಬರುತ್ತದೆ.

ಹುಲ್ಲು ಬಿಡುವುದು ಅಂದರೆ ಕೆಲಸ ಕಡಿಮೆ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ವರ್ಷಕ್ಕೊಮ್ಮೆ ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡುವಂತಿಲ್ಲ. ಬಿಟ್ಟರೆ ಅದು ಕೊಳೆತು ಗೊಬ್ಬರವಾಗಿ, ಮಣ್ಣು ಕೊಬ್ಬಿ, ಒರಟು ಹುಲ್ಲು ಸೊಕ್ಕಿ, ಹೂವಿನ ಗಿಡಗಳು ಅದರಡಿ ಸಿಕ್ಕಿ ಸಾಯುತ್ತವೆ. ಹಾಗಾಗಿ ಒದ್ದೆ ಹುಲ್ಲನ್ನು ಕುಂಟೆಯಲ್ಲಿ ಎಳೆದು, ರಾಶಿ ಮಾಡಿ, ಹೊತ್ತು ಸಾಗಿಸಬೇಕು. ಇಡೀ ವರ್ಷದಲ್ಲಿ ಅತಿ ಹೆಚ್ಚು ಕೈ ಬೇಕಾಗುವ ಕೆಲಸ ಅದೇ. ಅದು ಬರುವುದು ಸೆಪ್ಟೆಂಬರ್‌ನಲ್ಲಿ, ತೀರ್ಪುಗಾರರು ಊರು ಸುತ್ತಿ ಹೋಗಿಯಾದ ಮೇಲೆ.