ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರನ್ನು ಹಾಗೇ ಕುಡಿಯಬಹುದಾ?

ಪ್ರಶ್ನೆ: ನಮ್ಮದು ಪುರಸಭೆ ಇರುವ ಊರು. ಮೂರು ದಿನಕ್ಕೊಮ್ಮೆ ಬೆಳಗಿನ ಜಾವ ನಲ್ಲಿ ನೀರು ಬಿಡುತ್ತಾರೆ. ನೀರು ತಿಳಿಯಾಗಿದೆ, ರುಚಿಯೂ ಚೆನ್ನಾಗಿದೆ. ನಮ್ಮ ಅತ್ತೆ ನಲವತ್ತು ವರ್ಷದಿಂದ ಇದನ್ನೇ ಕುಡಿಯುತ್ತಿದ್ದಾರೆ, ಏನೂ ಆಗಿಲ್ಲ. ಈಗ ಮನೆಯಲ್ಲಿ ಪುಟ್ಟ ಮಗು ಇದೆ. ಆರ್‌ಒ ಹಾಕಿಸಲೇಬೇಕಾ? ಕಾಯಿಸಿ ಕುಡಿದರೆ ಸಾಲದಾ? ಹಲ್ಲುಜ್ಜುವುದಕ್ಕೆ, ಅಡುಗೆಗೆ ಏನು ಮಾಡೋದು?

ಉತ್ತರ: ಹಾಗೇ ಕುಡಿಯಬೇಡಿ, ಕುದಿಸಿ ಕುಡಿಯಿರಿ. ನಿಮ್ಮೂರಿಗೆ ಬರುವುದು ಹೊಳೆ ನೀರಾದರೆ ಆರ್‌ಒ ಬಹುಮಟ್ಟಿಗೆ ಬೇಕಾಗುವುದಿಲ್ಲ. ಬೋರ್ ನೀರಾದರೆ ಒಂದು ಸಲ ಪರೀಕ್ಷೆ ಮಾಡಿಸದೆ ಯಾವ ಯಂತ್ರಕ್ಕೂ ದುಡ್ಡು ಕೊಡಬೇಡಿ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ‘ಮೂರು ದಿನಕ್ಕೊಮ್ಮೆ’ ಅನ್ನುವ ಕಡೆ. ನೀರು ಬರುವ ಮುಂಚೆ ನಲ್ಲಿಯಿಂದ ಒಂದು ಸದ್ದು ಬರುತ್ತದಲ್ವಾ? ಬುಸ್ಸ್ ಅಂತ ಗಾಳಿ. ಆಮೇಲೆ ಉಗುಳಿದ ಹಾಗೆ ನಾಲ್ಕು ಸಲ ಕೆಂಪು ನೀರು. ನಂತರ ತಿಳಿ ನೀರು. ಆ ಗಾಳಿ ಎಲ್ಲಿಂದ ಬಂತು? ಎರಡೂವರೆ ದಿನ ಪೈಪು ಖಾಲಿ ಬಿದ್ದಿತ್ತು, ಅದಕ್ಕೇ ಬಂತು. ಗಾಳಿ ನುಗ್ಗಿದ ಸಂದಿಯಿಂದ ಬೇರೆಯದೂ ನುಗ್ಗುತ್ತದೆ.

ಒಂದು ಮಳೆಗಾಲದಲ್ಲಿ ನಮ್ಮ ಬೀದಿಯ ನೀರುಗಂಟಿಯ ಜೊತೆ ಬೆಳಿಗ್ಗೆ ನಾಲ್ಕೂವರೆಗೆ ಸುತ್ತಿದ್ದೆ. ಅವರು ವಾಲ್ವಿನ ಗುಂಡಿಯ ಚಪ್ಪಡಿ ಸರಿಸಿದಾಗ ಒಳಗೆ ಕಂದು ಬಣ್ಣದ ನೀರು ತುಂಬಿತ್ತು. ಮೊಣಕೈವರೆಗೆ ಕೈ ಇಳಿಸಿ, ತಡಕಿ, ಕಬ್ಬಿಣದ ಕೀಲಿ ಕೂರಿಸಿ ತಿರುಗಿಸಿದರು. ನಮಗೆ ಕುಡಿಯುವ ನೀರು ಬಿಡುವ ವಾಲ್ವು ಮುಳುಗಿದ್ದು ಆ ಕೊಚ್ಚೆಯಲ್ಲಿ. ನಾಲ್ಕು ಮನೆ ದಾಟಿದರೆ ಒಂದು ನಲ್ಲಿ ಗುಂಡಿ. ಪ್ರೆಶರ್ ಸಾಲದೆ ನೆಲ ಅಗೆದು, ಮೊಣಕಾಲಿನಷ್ಟು ಕೆಳಗೆ ನಲ್ಲಿ ಕೂರಿಸಿದ್ದರು. ಅದಕ್ಕೆ ಸಿಕ್ಕಿಸಿದ ಹಸಿರು ಪೈಪಿನ ತುದಿ ಗುಂಡಿಯ ನೀರಿನಲ್ಲೇ ಬಿದ್ದಿತ್ತು. ಹಿಂದಿನ ದಿನ ಪಾತ್ರೆ ತೊಳೆದ ನೀರು ಅದು, ಅನ್ನದ ಅಗುಳು ತೇಲುತ್ತಿತ್ತು. ನೀರುಗಂಟಿ ಕಾಲಿನಲ್ಲೇ ಪೈಪು ಎತ್ತಿ ಮೇಲೆ ಹಾಕಿದರು. ‘ಇದನ್ನ ಹೇಳಿ ಹೇಳಿ ಸಾಕಾಯ್ತು ಸಾರ್’ ಅಂದರು.

ಅವರು ಹೇಳುತ್ತಿದ್ದುದು ಇಷ್ಟೇ: ವಾಲ್ವು ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆ ಇಳಿದುಹೋಗುತ್ತದೆ. ಇಳಿಯುವಾಗ ಹಿಂದಿನಿಂದ ಎಳೆಯುತ್ತದೆ. ಗುಂಡಿಯಲ್ಲಿ ಬಿದ್ದ ಪೈಪಿನ ತುದಿಯಿಂದ ಆ ಪಾತ್ರೆ ನೀರು ಸೀದಾ ಲೈನಿಗೆ ಹೋಗುತ್ತದೆ. ಮೂರು ದಿನ ಬಿಟ್ಟು ಪಕ್ಕದ ಮನೆಯ ಬಿಂದಿಗೆಗೆ ಬರುತ್ತದೆ. ಲೈನಿಗೇ ಮೋಟರ್ ಹಾಕಿ ನೀರು ಎಳೆಯುವ ಮನೆಗಳು ಇನ್ನೂ ಅಪಾಯ. ಪೈಪಿನಲ್ಲಿ ನೀರಿನ ಒತ್ತಡ ಇದ್ದಾಗ ಸೋರುವ ಜಾಯಿಂಟ್‌ನಿಂದ ನೀರು ಹೊರಗೆ ಹೋಗುತ್ತದೆ, ದಂಡ ಅಷ್ಟೇ. ಮೋಟರ್ ಎಳೆದಾಗ ಅದೇ ಜಾಯಿಂಟ್ ಹೊರಗಿನದ್ದನ್ನು ಒಳಗೆ ಹೀರುತ್ತದೆ. ಜಾಯಿಂಟ್ ಎಲ್ಲಿರುತ್ತದೆ? ನಮ್ಮ ಊರುಗಳಲ್ಲಿ ಮನೆ ಸಂಪರ್ಕದ ಪೈಪು ಚರಂಡಿ ದಾಟದೆ ಮನೆ ಸೇರುವುದು ಅಪರೂಪ.

ಇದು ಬರೀ ನನ್ನ ಊಹೆಯಲ್ಲ. ಹುಬ್ಬಳ್ಳಿ–ಧಾರವಾಡದ ಕೆಲವು ಬಡಾವಣೆಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಕೊಡಲು ಶುರು ಮಾಡಿದರು. ಉಳಿದ ಕಡೆ ಹಲವು ದಿನಕ್ಕೊಮ್ಮೆ ಬರುವುದು ಹಾಗೇ ಮುಂದುವರಿಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರು ಹಿಡಿದು ಪರೀಕ್ಷಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಾದರಿಯಲ್ಲಿ ಇ. ಕೋಲಿ ಸಿಕ್ಕಿತು. ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯ. ಸದಾ ನೀರಿರುವ ಕಡೆ ನೂರಕ್ಕೆ ಒಂದೂ ಇರಲಿಲ್ಲ. ನೀರು ಬಿಟ್ಟ ಹೊಸದರಲ್ಲಿ, ಒತ್ತಡ ಕಡಿಮೆ ಇದ್ದಾಗ ಕೊಳೆ ಜಾಸ್ತಿ ಅನ್ನುವುದೂ ಗೊತ್ತಾಯಿತು. ಟ್ಯಾಂಕಿನಿಂದ ಚೆನ್ನಾಗಿಯೇ ಹೊರಟ ನೀರು ದಾರಿಯಲ್ಲಿ ಕೆಡುತ್ತದೆ.

ಹಾಗಾಗಿ ನೀರು ಬಂದ ಕೂಡಲೇ ಮೊದಲ ಕೊಡ ಕುಡಿಯುವುದಕ್ಕೆ ಹಿಡಿಯಬೇಡಿ. ಹತ್ತು ಹದಿನೈದು ನಿಮಿಷದ ನೀರು ಬಟ್ಟೆಗೆ, ಗಿಡಕ್ಕೆ, ಬಚ್ಚಲಿಗೆ ಹೋಗಲಿ. ಕುಡಿಯುವುದನ್ನು ಆಮೇಲೆ ಹಿಡಿಯಿರಿ. ನಮ್ಮಲ್ಲಿ ಎಲ್ಲರೂ ಮಾಡುವುದು ತಿರುಗಾಮುರುಗಾ. ಎಲ್ಲಿ ನಿಂತುಹೋಗುತ್ತೋ ಅನ್ನುವ ಆತುರಕ್ಕೆ ದೇವರ ಮನೆ ಬಿಂದಿಗೆಯೇ ಮೊದಲು ನಲ್ಲಿ ಕೆಳಗೆ ಬರುತ್ತದೆ.

ನಿಮ್ಮ ಅತ್ತೆಯವರ ಮಾತು ಸುಳ್ಳಲ್ಲ. ಆದರೆ ಚಿಕ್ಕಂದಿನಿಂದ ಇಂಥ ನೀರು ಕುಡಿದವರಿಗೆ ಕೆಲವು ಸೋಂಕು ಆಗಲೇ ಬಂದು ಹೋಗಿರುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ಹಾಗೇ. ಮಕ್ಕಳಲ್ಲಿ ಎಷ್ಟೋ ಸಲ ಗೊತ್ತೇ ಆಗದಂತೆ ಬಂದು, ಜೀವಮಾನಕ್ಕೆ ರೋಗನಿರೋಧಕ ಶಕ್ತಿ ಬಿಟ್ಟು ಹೋಗುತ್ತದೆ. ಮಗುವಿಗೆ ಆ ರಕ್ಷಣೆ ಇನ್ನೂ ಇಲ್ಲ. ಅಲ್ಲದೆ ನೀರು ಕೆಡುವುದು ಒಂದೇ ಒಂದು ವಾರ ಇರಬಹುದು. ರಾಯಚೂರಿನಲ್ಲಿ 2022ರ ಬೇಸಿಗೆ ಕೊನೆಗೆ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಜುಲೈ–ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದಕ್ಕೆ ಮುಂಚಿನ ವಾರದವರೆಗೂ ಅಲ್ಲಿನವರು ಕುಡಿಯುತ್ತಿದ್ದುದು ಅದೇ ನಲ್ಲಿಯ ನೀರು.

ಇನ್ನು ಬ್ಲೀಚಿಂಗ್ ವಾಸನೆ. ‘ಇವತ್ತು ನೀರಿಗೆ ಔಷಧಿ ಜಾಸ್ತಿ ಹಾಕಿದ್ದಾರೆ, ಕುಡಿಯೋಕೆ ಆಗಲ್ಲ’ ಅಂತ ನೀರುಗಂಟಿಗೆ ಬೈಯುವವರು ಬಹಳ. ನನಗೆ ಕೇಳಿದರೆ, ಅಂಥ ವಾಸನೆ ಸ್ವಲ್ಪವೂ ಇಲ್ಲದ ದಿನ ಬೈಯಬೇಕು. ಟ್ಯಾಂಕಿನಲ್ಲಿ ಹಾಕಿದ ಕ್ಲೋರಿನ್ ದಾರಿಯ ಕೊಳೆಯ ಜೊತೆ ಹೋರಾಡಿ, ಕೊನೆಯ ಮನೆ ಮುಟ್ಟಿದಾಗಲೂ ಒಂದಿಷ್ಟು ಉಳಿದಿರಬೇಕು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪರೀಕ್ಷೆ ಸುಲಭ. ಚಿಕ್ಕ ಗಾಜಿನ ಕೊಳವೆಗೆ ನೀರು ಹಿಡಿದು ಕಿಟ್‌ನಲ್ಲಿರುವ ಹನಿ ಅಥವಾ ಮಾತ್ರೆ ಹಾಕುತ್ತಾರೆ. ಕಿಟ್ ಯಾವುದು ಅನ್ನುವುದರ ಮೇಲೆ ಹಳದಿಯೋ ಗುಲಾಬಿಯೋ ಬಣ್ಣ ಬರುತ್ತದೆ. ಬಣ್ಣ ಬಾರದಿದ್ದರೆ ಕ್ಲೋರಿನ್ ಉಳಿದಿಲ್ಲ ಅಂತ ಅರ್ಥ. ನಿಮ್ಮ ಬೀದಿ ಲೈನಿನ ಕೊನೆಯಲ್ಲಿದ್ದರೆ ನಿಮ್ಮ ಮನೆ ನಲ್ಲಿಯಲ್ಲೇ ಪರೀಕ್ಷೆ ಮಾಡಿ ತೋರಿಸಿ ಅಂತ ಪುರಸಭೆಯವರನ್ನು ಕೇಳಿ. ಟ್ಯಾಂಕಿನ ಬುಡದಲ್ಲಿ ಮಾಡಿದ ಪರೀಕ್ಷೆ ಕೊನೆ ಮನೆಯ ಕಥೆ ಹೇಳುವುದಿಲ್ಲ.

ಆದರೆ ಅಡುಗೆಮನೆ ನಲ್ಲಿ ತಿರುಗಿಸಿ ‘ಪುರಸಭೆ ನೀರು’ ಅನ್ನುತ್ತೀರಲ್ಲ, ಅದು ಸೀದಾ ಪುರಸಭೆಯಿಂದ ಬಂದದ್ದಲ್ಲ. ಸಂಪಿಗೆ ಬಿದ್ದು, ಮೋಟರ್ ಹತ್ತಿ, ಸಿಂಟೆಕ್ಸ್‌ನಲ್ಲಿ ಎರಡು ದಿನ ಬಿಸಿಲು ಕಾದು ಬಂದದ್ದು. ಅಷ್ಟು ಹೊತ್ತಿಗೆ ಕ್ಲೋರಿನ್ ಹೋಗಿರುತ್ತದೆ. ಸಂಪಿನ ಮುಚ್ಚಳ ಅಂಗಳದ ಮಟ್ಟದಲ್ಲೇ ಇದ್ದರೆ ಗಾಡಿ ತೊಳೆದ ನೀರೂ ಒಳಗೆ ಇಳಿದಿರುತ್ತದೆ. ಆರು ತಿಂಗಳಿಗೊಮ್ಮೆ ತೊಳೆಸಿ, ಮುಚ್ಚಳದ ಸುತ್ತ ನಾಲ್ಕು ಇಂಚು ಕಟ್ಟೆ ಕಟ್ಟಿಸಿ. ಮನೆಯಲ್ಲೇ ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಸಾವಿರ ಲೀಟರಿಗೆ ಒಳ್ಳೆಯ ಪೌಡರ್ ಸುಮಾರು 2.5 ಗ್ರಾಂ ಸಾಕು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಸುರಿದು, ಅರ್ಧ ಗಂಟೆಯಾದರೂ ಬಿಡಬೇಕು. ಎಷ್ಟೋ ದಿನದಿಂದ ಬಾಯಿ ತೆರೆದು ಬಿದ್ದಿರುವ ಪ್ಯಾಕೆಟ್ಟು ಬೇಡ, ಅದರ ಸತ್ವ ಗಾಳಿಗೆ ಹೋಗಿರುತ್ತದೆ.

ಈಗ ಆರ್‌ಒ ಮಾತಿಗೆ ಬರೋಣ. ನಮ್ಮ ಚಿಕ್ಕಮ್ಮನ ಮನೆಗೆ ಒಬ್ಬ ಸೇಲ್ಸ್ ಹುಡುಗ ಬಂದಿದ್ದ. ಎರಡು ಲೋಟ ಇಟ್ಟ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿ ಅದ್ದಿ ಕರೆಂಟು ಕೊಟ್ಟ. ಒಂದೇ ನಿಮಿಷದಲ್ಲಿ ನಲ್ಲಿ ನೀರು ಕಂದಾಗಿ, ಮೇಲೆ ಕಪ್ಪು ನೊರೆ ಬಂತು. ‘ನೋಡಿ ಅಮ್ಮ, ಇದನ್ನೇ ನೀವು ಮೊಮ್ಮಕ್ಕಳಿಗೆ ಕುಡಿಸ್ತಿರೋದು’ ಅಂದ. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ನಾನು ಅವನ ಶುದ್ಧ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕಡ್ಡಿ ಇಡಪ್ಪ ಅಂದೆ. ಅದೂ ಕಂದಾಯಿತು. ಆ ಬಣ್ಣ ನೀರಿನದಲ್ಲ, ಕರಗಿದ ಕಬ್ಬಿಣದ ಕಡ್ಡಿಯದು. ಉಪ್ಪಿನಂಶ ಇದ್ದರೆ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ. ಆರ್‌ಒ ನೀರಿನಲ್ಲಿ ಉಪ್ಪಿಲ್ಲ, ಹಾಗಾಗಿ ಏನೂ ಆಗುವುದಿಲ್ಲ.

ಅವನ ಜೇಬಿನಲ್ಲಿದ್ದ ಟಿಡಿಎಸ್ ಮೀಟರ್ ಕೂಡ ಅಳೆಯುವುದು ಕರಗಿದ ಲವಣಗಳನ್ನು ಮಾತ್ರ. ಕಾಲರಾ, ಟೈಫಾಯ್ಡ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಚರಂಡಿ ನೀರು ಒಂದು ಚಮಚ ಬೆರೆತರೂ ಅಂಕಿ ಅಲ್ಲಾಡಲಿಕ್ಕಿಲ್ಲ. ಟಿಡಿಎಸ್ 500ರೊಳಗೆ ಇರುವ ಹೊಳೆ ನೀರಿಗೆ ಆರ್‌ಒ ಹಾಕಿ, ಒಂದು ಲೀಟರಿಗೆ ಎರಡು ಮೂರು ಲೀಟರ್ ಬಚ್ಚಲಿಗೆ ಬಿಡುವುದು ಮೂರು ದಿನಕ್ಕೊಮ್ಮೆ ನೀರು ಬರುವ ಊರಿಗೆ ಹೊಂದುವ ಮಾತಲ್ಲ.

ಬೋರ್ ನೀರಿನ ಲೆಕ್ಕ ಬೇರೆ. ಬೇಳೆ ಎಷ್ಟು ಕೂಗಿಸಿದರೂ ಬೇಯದಿದ್ದರೆ, ಸೋಪು ನೊರೆ ಬಾರದಿದ್ದರೆ, ಹಂಡೆಯೊಳಗೆ ಬಿಳಿ ಪದರ ಕಟ್ಟಿದರೆ ಅದು ಗಡಸು ನೀರು. ಕಿರಿಕಿರಿ ಹೌದು, ಆದರೆ ಹೆದರಬೇಕಾದ್ದು ಅದಕ್ಕಲ್ಲ. ಕಣ್ಣಿಗೂ ನಾಲಿಗೆಗೂ ಸಿಗದ ಫ್ಲೋರೈಡ್ ಮತ್ತು ನೈಟ್ರೇಟಿಗೆ ಹೆದರಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಕೊಪ್ಪಳ, ಗದಗದ ಕಡೆಯವರಿಗೆ ಫ್ಲೋರೈಡ್ ಹೊಸದಲ್ಲ. ಮಕ್ಕಳ ಹೊಸ ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಾದವರಿಗೆ ಬಗ್ಗದ ಬೆನ್ನು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ನೈಟ್ರೇಟ್ 45 ದಾಟಬಾರದು, ಕೂಸಿರುವ ಮನೆಯಲ್ಲಂತೂ ಇದು ಮುಖ್ಯ. ಇವೆರಡೂ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತವೆ. ಇಂಥ ಕಡೆ ಆರ್‌ಒ ತನ್ನ ಕೂಲಿ ದುಡಿಯುತ್ತದೆ. ಬೀದಿಯಲ್ಲಿ ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕವೂ ಸರಿಯೇ, ಸಮಯಕ್ಕೆ ಸರಿಯಾಗಿ ಫಿಲ್ಟರ್ ಬದಲಾಯಿಸುತ್ತಿದ್ದರೆ, ನಿಮ್ಮ ಕ್ಯಾನಿನ ಒಳಗೆ ಪಾಚಿ ಇಲ್ಲದಿದ್ದರೆ.

ಪರೀಕ್ಷೆಗೆ ಜಿಲ್ಲಾ ಕೇಂದ್ರದಲ್ಲಿರುವ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗಿ. ಬ್ಯಾಕ್ಟೀರಿಯ ಪರೀಕ್ಷೆಗೆ ಸುಮ್ನೆ ಕೂಲ್‌ಡ್ರಿಂಕ್ಸ್ ಬಾಟಲಿ ತೊಳೆದು ನೀರು ಒಯ್ಯಬೇಡಿ, ಫಲಿತಾಂಶ ಬಾಟಲಿಯದಾಗುತ್ತದೆ. ಅವರಿಂದಲೇ ಸ್ಟೆರಿಲೈಸ್ ಮಾಡಿದ ಬಾಟಲಿ ತಂದು, ನೀರು ಹಿಡಿದ ದಿನವೇ ತಂಪಾಗಿಟ್ಟು ತಲುಪಿಸಿ. ಅಷ್ಟು ದೂರ ಆಗದಿದ್ದರೆ ಎಚ್2ಎಸ್ ಬಾಟಲಿ ಅಂತ ಸಿಗುತ್ತದೆ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು 1982ರಲ್ಲಿ ಪ್ರಕಟಿಸಿದ ಉಪಾಯ ಇದು. ಗೆರೆವರೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡಿ. ಕಪ್ಪಾದರೆ ಮಲದ ಸೋಂಕು ತಗುಲಿರುವ ಸಾಧ್ಯತೆ ಹೆಚ್ಚು. ಕಪ್ಪಾಗಲಿಲ್ಲ ಅಂತ ಕುದಿಸುವುದನ್ನು ಮಾತ್ರ ಬಿಡಬೇಡಿ.

ಕುದಿಸುವುದು ಎಷ್ಟು ಹೊತ್ತು? ಬೆಚ್ಚಗಾದರೆ ಸಾಲದು, ಕೊತಕೊತ ಅನ್ನಬೇಕು. ಹಾಗೆ ಒಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಖಾಲಿ ಮಾಡಬೇಕಿಲ್ಲ. ಎತ್ತರದ ಜಾಗದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಮೂರು ನಿಮಿಷ ಬೇಕು ಅನ್ನುತ್ತಾರೆ. ಆದರೆ ಆ ಲೆಕ್ಕ ಶುರುವಾಗುವುದು ಎರಡು ಸಾವಿರ ಮೀಟರಿನ ಆಸುಪಾಸಿನಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೂ ಅಷ್ಟಿಲ್ಲ. ಕುದಿಸಿದ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆಮೇಲೆ ಬಿದ್ದ ಕೊಳೆಯನ್ನು ಕೊಲ್ಲುವವರಿಲ್ಲ. ಹಾಗಾಗಿ ಕುದಿಸಿದ ಪಾತ್ರೆಯಲ್ಲೇ ಮುಚ್ಚಿಡಿ, ಲೋಟ ಅದ್ದಬೇಡಿ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ನಲ್ಲಿ ಬಾಯಿಗೆ ಕಟ್ಟಿದ ಬಟ್ಟೆ ಮಣ್ಣು ತಡೆಯುತ್ತದೆ, ರೋಗಾಣುವನ್ನಲ್ಲ. ಅದನ್ನು ಕಟ್ಟಿದ ಮೇಲೆ ಮರೆತರೆ ಅದೇ ಒಂದು ಕೊಳೆ.

ಹಲ್ಲುಜ್ಜುವುದಕ್ಕೆ ದೊಡ್ಡವರು ನಲ್ಲಿ ನೀರು ಬಳಸಿದರೆ ತೊಂದರೆ ಕಡಿಮೆ, ಉಗುಳುತ್ತೀರಿ. ಮಕ್ಕಳು ನುಂಗುತ್ತಾರೆ, ಅವರಿಗೆ ಒಂದು ಲೋಟ ಕುದಿಸಿದ ನೀರು ಕೊಡಿ. ಸಾರು, ಅನ್ನ, ಕಾಫಿಗೆ ನಲ್ಲಿ ನೀರು ಆಗುತ್ತದೆ, ಒಲೆ ಮೇಲೆ ಹೇಗೂ ಕುದಿಯುತ್ತದೆ. ಬೋರ್ ನೀರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಜಾಸ್ತಿ ಇದ್ದರೆ ಮಾತ್ರ ಅಡುಗೆಗೂ ಬೇರೆ ನೀರು ಬೇಕು. ಎಲ್ಲರೂ ಎಡವುವುದು ಮಜ್ಜಿಗೆಯಲ್ಲಿ. ಕುಡಿಯುವ ನೀರನ್ನು ಶ್ರದ್ಧೆಯಿಂದ ಕುದಿಸುತ್ತಾರೆ, ಊಟದ ಹೊತ್ತಿಗೆ ಮೊಸರಿಗೆ ಅರ್ಧ ಚೊಂಬು ನಲ್ಲಿ ನೀರು ಬೆರೆಸುತ್ತಾರೆ. ಚಟ್ನಿ ರುಬ್ಬುವಾಗ, ಪಾನಕ ಮಾಡುವಾಗ, ಕೋಸಂಬರಿಗೆ ಬೇಳೆ ನೆನೆಸುವಾಗಲೂ ಅದೇ ನೀರು. ಇವ್ಯಾವೂ ಒಲೆ ಕಾಣುವುದಿಲ್ಲ. ಇವಕ್ಕೆಲ್ಲ ಕುದಿಸಿ ಆರಿಸಿದ ನೀರು ಬೇರೆ ತಂಬಿಗೆಯಲ್ಲಿ ಅಡುಗೆ ಕಟ್ಟೆಯ ಮೇಲೇ ಇರಲಿ. ಕೈಗೆ ಸಿಗುವಂತಿದ್ದರೆ ಅತ್ತೆಯವರೂ ಅದನ್ನೇ ಬಳಸುತ್ತಾರೆ.