ನೆಯ್ವೇಲಿ ಗಣಿಯ ತಳ ಕಾಯುವ ಬೋರ್‌ವೆಲ್‌ಗಳು

ತಮಿಳುನಾಡಿನ ಕಡಲೂರು ಜಿಲ್ಲೆಯ ನೆಯ್ವೇಲಿಯಲ್ಲಿ ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು ಸಿಗುತ್ತದೆ. ಅದನ್ನು ಉರಿಸಿ ಮಾಡುವ ಕರೆಂಟಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ಅಲ್ಲಿರುವುದು ಸುರಂಗವಲ್ಲ, ತೆರೆದ ಗಣಿ. ದೈತ್ಯ ಚಕ್ರದ ಯಂತ್ರಗಳು ಮೇಲಿನ ಮಣ್ಣನ್ನೆಲ್ಲ ಕೆರೆದು ತೆಗೆದ ಮೇಲೆ ಲಿಗ್ನೈಟ್ ಕಾಣುತ್ತದೆ. 1950ರ ದಶಕದ ಕೊನೆಯಲ್ಲಿ ಅಗೆತ ಶುರುವಾದಾಗ ಎಂಜಿನಿಯರ್‌ಗಳಿಗೆ ದೊಡ್ಡ ತಲೆನೋವಾದದ್ದು ಲಿಗ್ನೈಟಿನ ಅಡಿಯಲ್ಲಿದ್ದ ನೀರು.

ಲಿಗ್ನೈಟಿನ ಕೆಳಗೆ ನೀರು ತುಂಬಿದ ಮರಳಿನ ಪದರಗಳಿವೆ. ಪಶ್ಚಿಮದಲ್ಲಿ ಇವು ನೆಲದ ಮಟ್ಟಕ್ಕೆ ಬಂದಿವೆ. ಮಳೆ ನೀರು ಅಲ್ಲಿ ಇಳಿದು, ಇಳಿಜಾರಿನಲ್ಲಿ ಸಮುದ್ರದ ಕಡೆಗೆ ಸಾಗುತ್ತದೆ. ದಾರಿಯಲ್ಲಿ ಮೇಲೆ ಗಟ್ಟಿ ಪದರ ಮುಚ್ಚಿಕೊಂಡಿರುವುದರಿಂದ ನೀರು ಒತ್ತಡದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಈ ಸೀಮೆಯಲ್ಲಿ ಬೋರ್ ಕೊರೆದರೆ ಮೋಟಾರ್ ಇಲ್ಲದೆ ತಾನಾಗಿಯೇ ನೀರು ಉಕ್ಕುತ್ತಿತ್ತು.

ಈಗ ಸುಮ್ನೆ ಒಂದು ಲೆಕ್ಕ ಹಾಕೋಣ. ಆ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 6ರಿಂದ 8 ಕಿಲೋ ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. ಮಣ್ಣು ನೀರಿಗಿಂತ ಸುಮಾರು ಎರಡು ಪಟ್ಟು ಭಾರ. ಅಂದರೆ 80 ಮೀಟರ್ ಮಣ್ಣು ಪ್ರತಿ ಚದರ ಸೆಂಟಿಮೀಟರ್ ಮೇಲೆ 16 ಕಿಲೋದಷ್ಟು ಹೇರುತ್ತದೆ. ಅಷ್ಟು ಭಾರ ಇರುವವರೆಗೆ ಕೆಳಗಿನ ನೀರು ಅಲುಗಾಡದು. ಮಣ್ಣು ತೆಗೆದು 15 ಮೀಟರ್ ಲಿಗ್ನೈಟ್ ಮಾತ್ರ ಉಳಿಸಿದರೆ? ಅದರ ಭಾರ 2 ಕಿಲೋ ಕೂಡ ಆಗುವುದಿಲ್ಲ. ಗಣಿಯ ತಳವೇ ಉಬ್ಬಿ ಒಡೆದು, ಯಂತ್ರಗಳ ಸಮೇತ ಎಲ್ಲ ಮುಳುಗಿ ಹೋಗುತ್ತದೆ.

ಅದಕ್ಕೇ ಗಣಿಯ ಸುತ್ತ ಬೋರ್‌ವೆಲ್ ಕೊರೆದು ಹಗಲೂ ರಾತ್ರಿ ನೀರೆತ್ತುತ್ತಾರೆ. ಪದರವನ್ನು ಬರಿದು ಮಾಡುವುದು ಇದರ ಉದ್ದೇಶವಲ್ಲ, ಒತ್ತಡ ಇಳಿಸಿದರೆ ಸಾಕು. ಆದರೆ ಒಂದು ಕಡೆ ಒತ್ತಡ ಇಳಿದರೆ ಸುತ್ತಲಿನ ನೀರು ಆ ಕಡೆಗೇ ಜಗ್ಗುತ್ತದೆ, ಮೈಲಿಗಟ್ಟಲೆ ದೂರದ ರೈತನ ಬೋರ್‌ವೆಲ್ ಮಟ್ಟವೂ ಇಳಿಯುತ್ತದೆ. ಪೂರ್ವಕ್ಕೆ ಸಮುದ್ರ ಬೇರೆ ಇದೆ. ಸಿಹಿನೀರಿನ ಒತ್ತಡ ಜಾಸ್ತಿ ಇಳಿದರೆ ಉಪ್ಪು ನೀರು ಒಳಗೆ ನುಗ್ಗುವ ಭಯ ಇದ್ದೇ ಇರುತ್ತದೆ. ಹಾಗಾಗಿ ನಿಜವಾದ ಜಾಣತನ ಇರುವುದು ಬೇಕಾದಷ್ಟೇ ಎತ್ತುವುದರಲ್ಲಿ. ಅಗೆತ ಮುಂದೆ ಸರಿದಂತೆ ಪಂಪುಗಳನ್ನೂ ಮುಂದಕ್ಕೆ ಸರಿಸಬೇಕು, ಹಿಂದೆ ಮಣ್ಣು ತುಂಬಿ ಭಾರ ಮರಳಿದ ಕಡೆ ನೀರೆತ್ತುವುದನ್ನು ನಿಲ್ಲಿಸಬೇಕು. ಎತ್ತಿದ ನೀರು ಹೊಲಕ್ಕೋ ಕುಡಿಯೋಕೋ ಆಗಬೇಕು.

ತುಂಬುವ ಕೆಲಸವನ್ನು ಜನ ಹಗುರವಾಗಿ ತಗೊಳ್ತಾರೆ. ಗುಂಡಿ ಮುಚ್ಚಿ ಗಿಡ ನೆಟ್ಟರೆ ಫೋಟೋ ಚೆನ್ನಾಗೇನೋ ಬರುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ಮೊದಲು ಮರಳು, ಜೇಡಿಮಣ್ಣು, ಮರಳುಗಲ್ಲು ಒಂದರ ಮೇಲೊಂದು ಇದ್ದವು. ಮರಳಿನಲ್ಲಿ ನೀರು ಓಡುತ್ತಿತ್ತು, ಜೇಡಿ ತಡೆಯುತ್ತಿತ್ತು. ಎಲ್ಲ ಬೆರೆಸಿ ಸುರಿದ ಮೇಲೆ ಆ ವ್ಯವಸ್ಥೆಯೇ ಇಲ್ಲ. ಬಿಸಿಬೇಳೆಬಾತ್ ಕಲಸಿದ ಮೇಲೆ ಅಕ್ಕಿ, ಬೇಳೆ ಬೇರೆ ಮಾಡೋಕಾಗುತ್ತಾ? ಮೇಲೆ ಗೋಡಂಬಿ ಗಿಡ ಹಸಿರಾಗಿದ್ದರೂ ಕೆಳಗೆ ನೀರಿನ ಹಳೆಯ ದಾರಿ ಮುಗಿದು ಹೋಗಿರಬಹುದು.

ಇನ್ನೊಂದು ಕಾಟ ಪೈರೈಟ್. ಕಲ್ಲಿದ್ದಲಿನ ಆಸುಪಾಸಿನಲ್ಲಿ ಸಿಗುವ ಕಬ್ಬಿಣ ಮತ್ತು ಗಂಧಕದ ಖನಿಜ ಇದು. ನೆಲದಡಿ ಗಾಳಿ ಸೋಕದೆ ಇದ್ದಾಗ ತೆಪ್ಪಗಿರುತ್ತದೆ. ಅಗೆದು ಹೊರಗೆ ಹಾಕಿದರೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಕಲ್ಲಿನಲ್ಲಿರುವ ಲೋಹಗಳನ್ನೂ ಕರಗಿಸಿಕೊಂಡು ಕೆಳಕ್ಕೆ ಇಳಿಯುತ್ತದೆ. ಅಮೆರಿಕದ ಅಪಲೇಷಿಯಾ ಬೆಟ್ಟಗಳಲ್ಲಿ ಹಳ್ಳಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಹೀಗೆಯೇ. ಪೈರೈಟ್ ಇರುವ ಮಣ್ಣನ್ನು ಮೊದಲೇ ಪರೀಕ್ಷಿಸಿ ಬೇರೆ ಮಾಡಿ, ಗಾಳಿ ತಾಗದಂತೆ ಹೂಳುವುದು ಇದಕ್ಕೆ ಮದ್ದು. ಹಾಗೆ ಮಾಡದೆ, ಆಮೇಲೆ ಆಮ್ಲ ತಗ್ಗಿಸಲು ಸುಣ್ಣ ಹಾಕುತ್ತಾ ಕೂತರೆ ಅದಕ್ಕೆ ಕೊನೆಯೇ ಇಲ್ಲ.

ನಮ್ಮ ಸಂಡೂರಿನ ಕಬ್ಬಿಣದ ಗುಡ್ಡಗಳದ್ದು ಬೇರೆಯೇ ಕಥೆ. ಅಲ್ಲಿ ಮಳೆಗೆ ಕೆಂಪು ಮಣ್ಣು ಕೊಚ್ಚಿಹೋಗಿ ಹಳ್ಳ, ಕೆರೆಗಳಲ್ಲಿ ಹೂಳು ತುಂಬುತ್ತದೆ. 2011ರಲ್ಲಿ ಬಳ್ಳಾರಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಗಣಿಗಳು ಮತ್ತೆ ತೆರೆಯಲು ಹಾಕಿದ ಪುನಶ್ಚೇತನ ಯೋಜನೆಗಳಲ್ಲಿ ಚೆಕ್ ಡ್ಯಾಂ, ತಡೆಗೋಡೆಗಳು ಸೇರಿದ್ದು ಈ ಕಾರಣಕ್ಕೇ.

ಅಮೆರಿಕದ 1977ರ ಕಾನೂನು ಒಂದು ಒಳ್ಳೆಯ ಮಾತು ಹೇಳುತ್ತದೆ. ತೆರೆದ ಗಣಿಯಿಂದ ಅಕ್ಕಪಕ್ಕದವರ ಬಾವಿ ಬತ್ತಿದರೆ ಅಥವಾ ನೀರು ಕೆಟ್ಟರೆ, ಗಣಿಯವರೇ ಬದಲಿ ನೀರು ಕೊಡಬೇಕು. ಆದರೆ ಬಾವಿ ಬತ್ತಿದ್ದು ಗಣಿಯಿಂದಲೇ ಅಂತ ತೋರಿಸುವುದು ಹೇಗೆ? ಅಗೆತ ಶುರುವಾಗುವ ಮೊದಲೇ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಸುತ್ತಲಿನ ಬಾವಿಗಳ ಮಟ್ಟ ಮತ್ತು ನೀರಿನ ಗುಣ ಅಳೆದು ಎಲ್ಲರಿಗೂ ಸಿಗುವ ಹಾಗೆ ಬರೆದಿಡಬೇಕು. ಇಲ್ಲದಿದ್ದರೆ ಗಣಿಯವರು ಮಳೆ ಇಲ್ಲ ಅನ್ನುತ್ತಾರೆ, ರೈತ ಗಣಿ ಅನ್ನುತ್ತಾನೆ, ಜಗಳ ಹರಿಯುವುದೇ ಇಲ್ಲ.